ಎಲ್ಲ ಎಸ್ಟೇಟೂ ತೋಟವಲ್ಲ

ಮಾನ್ಯ ಸಂಪಾದಕರೆ,

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಈಚೆಗೆ ಅಚ್ಚಾದ ಒಂದು ಸಾರ್ವಜನಿಕ ಪ್ರಕಟಣೆಯಲ್ಲಿ, ತೀರಿಕೊಂಡ ವ್ಯಕ್ತಿಯೊಬ್ಬರ ‘ತೋಟದ ಮೇಲೆ ಹಕ್ಕು ಅಥವಾ ಸಾಲದ ಬಾಬ್ತು’ ಇರುವವರು ಗಡುವಿನೊಳಗೆ ತಿಳಿಸಬೇಕೆಂದಿತ್ತು. ಅದರ ಕೆಳಗೇ ಇದ್ದ ಇಂಗ್ಲಿಷ್ ಪಾಠವನ್ನು ಓದಿದಾಗ, ತೋಟ ಎಂದಾಗಿರುವುದು ಎಸ್ಟೇಟ್ ಎಂಬ ಪದವೆಂದು ತಿಳಿಯಿತು. ಅಂಥ ಪ್ರಕಟಣೆಯಲ್ಲಿ ಎಸ್ಟೇಟ್ ಎಂದರೆ ಸತ್ತವರು ಬಿಟ್ಟುಹೋದ ಒಟ್ಟು ಆಸ್ತಿ. ಮನೆ, ಬ್ಯಾಂಕಿನ ಠೇವಣಿ, ಒಡವೆ, ಬರಬೇಕಾದ ಬಾಕಿ, ಕೊಡಬೇಕಾದ ಸಾಲ ಎಲ್ಲವೂ ಅದರೊಳಗೆ ಬರುತ್ತದೆ. ಕಾಫಿ ಗಿಡ ಒಂದೂ ಇಲ್ಲದವರಿಗೂ ಆ ಅರ್ಥದ ಎಸ್ಟೇಟ್ ಇದ್ದೇ ಇರುತ್ತದೆ. ಕೊಡಗಿನಲ್ಲಿ ಕುಳಿತು ಅನುವಾದಿಸಿದವರಿಗೆ ಆ ಪದ ಕಂಡೊಡನೆ ತೋಟವೇ ಹೊಳೆದದ್ದು ಸಹಜವಾದರೂ, ಕೈಗಡ ಕೊಟ್ಟ ಒಬ್ಬ ಅಂಗಡಿಯವನು ‘ನನ್ನ ಬಾಕಿ ತೋಟದ್ದಲ್ಲವಲ್ಲ’ ಎಂದು ಸುಮ್ಮನೆ ಕುಳಿತರೆ ಅವನ ಹಣ ಹೋದಂತೆಯೇ. ಗಡುವು ಮುಗಿಯುವ ಮೊದಲು ತಿದ್ದುಪಡಿಯೊಂದನ್ನು ಅಚ್ಚು ಹಾಕಬೇಕೆಂಬುದು ನನ್ನ ಮೊದಲ ಕೋರಿಕೆ.

ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಪತ್ರ ಬರಹಗಾರನಾಗಿ ಕುಳಿತು ಕ್ರಯಪತ್ರ, ವಿಭಾಗಪತ್ರ, ಮರಣಶಾಸನಗಳನ್ನು ಬರೆಯುತ್ತ ಬಂದವನಾದ್ದರಿಂದ ಈ ಗೊಂದಲ ನನಗೆ ಹೊಸದಲ್ಲ. ‘ನನ್ನ ಎಸ್ಟೇಟ್ ಎಲ್ಲ ಹಿರಿಯವನಿಗೆ’ ಎಂದು ಬರೆಸಲು ಬಂದವರನ್ನು, ತೋಟವೊಂದೇ ಏನು, ಮಡಿಕೇರಿಯ ಸೈಟೂ ಸೇರಿಯೇ ಎಂದು ಕೇಳಿ ಬಿಡಿಸಿ ಬರೆಯದಿದ್ದರೆ, ಮುಂದೆ ಕಿರಿಯವನ ಪರ ವಕೀಲರಿಗೆ ಆ ಒಂದು ಪದವೇ ಸಾಕಾಗುತ್ತದೆ. ಆದಕಾರಣವೇ ಪತ್ರದಲ್ಲಿ ಆಸ್ತಿಯ ವಿವರ ಕೊಡುವ ಷೆಡ್ಯೂಲಿನಲ್ಲಿ ನಾವು ಎಸ್ಟೇಟ್ ಎಂದಷ್ಟೇ ಬರೆದು ಮುಗಿಸುವುದಿಲ್ಲ. ಸರ್ವೆ ನಂಬರು, ವಿಸ್ತೀರ್ಣ, ಗದ್ದೆಯೊಡನೆ ಬಂದ ಕಾಡುಜಾಗವಾದ ಜಮ್ಮ ಬಾಣೆಯೋ, ಪೂರ್ತಿ ಕಂದಾಯದ ಸಾಗುವೋ, ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ರೆಡೀಮ್ ಆಗಿದೆಯೋ ಇಲ್ಲವೋ, ನಾಲ್ಕು ದಿಕ್ಕಿನ ಚೆಕ್ಕುಬಂದಿ, ಅದರೊಳಗಿನ ಕಾಫಿ ಗಿಡ, ಕರಿಮೆಣಸಿನ ಬಳ್ಳಿ, ಮರಗಳು, ಮನೆ, ಕಣ, ಗೋದಾಮು, ಕಾರ್ಮಿಕರ ಲೈನ್ ಮನೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಎಲ್ಲವನ್ನೂ ಒಂದೊಂದಾಗಿ ಕಾಣಿಸುತ್ತೇವೆ. ಪತ್ರಿಕೆಗೆ ಅಷ್ಟು ಉದ್ದ ಬರೆಯುವ ಅಗತ್ಯವಿಲ್ಲ. ಯಾವ ಎಸ್ಟೇಟ್ ಎಂಬುದು ಓದುಗನಿಗೆ ತಿಳಿದರೆ ಸಾಕು.

ಈ ಪದಕ್ಕೆ ಇಷ್ಟೊಂದು ಅರ್ಥಗಳು ಕೂಡಿಕೊಂಡದ್ದು ಹೇಗೆಂದು ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಲ್ಯಾಟಿನ್ನಿನ ‘ಸ್ಟೇಟಸ್’ ಎಂಬ, ನಿಂತಿರುವ ಸ್ಥಿತಿಯನ್ನು ಹೇಳುವ ಮಾತು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಎಸ್ಟೇಟ್ ಆಯಿತು. ರಾಜ್ಯವೆಂಬ ಅರ್ಥದ ‘ಸ್ಟೇಟ್’ ಕೂಡ ಅದೇ ಬೇರಿನದು. ಎಂದರೆ ಮೊದಲಿಗೆ ಅದು ನೆಲದ ಹೆಸರಲ್ಲ, ಮನುಷ್ಯನ ಸ್ಥಾನಮಾನದ ಹೆಸರು. ಇಂಗ್ಲೆಂಡಿನ ಕಾನೂನಿನ ಪ್ರಕಾರ ನೆಲದ ಮೂಲ ಒಡೆತನ ಅರಸೊತ್ತಿಗೆಯದು. ಪ್ರಜೆಗೆ ಇರುವುದು ಆ ನೆಲದ ಮೇಲಿನ ಹಕ್ಕು ಮಾತ್ರ. ಅದು ಜೀವ ಇರುವವರೆಗೆ ಮಾತ್ರವೋ, ಮಕ್ಕಳು ಮೊಮ್ಮಕ್ಕಳಿಗೆ ಇಳಿಯುವಂಥದೋ ಎಂಬುದರ ಮೇಲೆ ಆ ಹಕ್ಕಿಗೆ ಬೇರೆ ಬೇರೆ ಎಸ್ಟೇಟುಗಳೆಂಬ ಹೆಸರು. ನೆಲವನ್ನೇ ಎಸ್ಟೇಟ್ ಎಂದು ಕರೆಯುವುದು ಆಮೇಲೆ ಬೆಳೆದ ರೂಢಿ.

ಕೊಡಗಿನವರಿಗೆ ಇದನ್ನು ವಿವರಿಸುವುದು ಬೇರೆ ಜಿಲ್ಲೆಯವರಿಗೆ ವಿವರಿಸುವುದಕ್ಕಿಂತ ಸುಲಭ, ಏಕೆಂದರೆ ನಮ್ಮಲ್ಲಿ ಜಮ್ಮ ಇದೆ. ಅರಸರ ಕಾಲದಲ್ಲಿ ಸೇವೆಯ ಹೊಣೆಯೊಡನೆ ಕೊಟ್ಟು, ಸಾಗು ಭೂಮಿಯ ಅರ್ಧ ಕಂದಾಯವನ್ನಷ್ಟೇ ವಿಧಿಸಿ, ವಂಶಪಾರಂಪರ್ಯವಾಗಿ ಒಕ್ಕದಲ್ಲಿ, ಅಂದರೆ ಒಂದೇ ಮನೆತನದಲ್ಲಿ, ಉಳಿಯಲು ಬಿಟ್ಟ ಹಿಡುವಳಿ ಅದು. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರೂ ಅದನ್ನು ಮುಂದುವರಿಸಿದರು. ನೆಲ ಒಕ್ಕದ ಕೈಯಲ್ಲಿದ್ದರೂ ರೆಡೀಮ್ ಆಗದ ಬಾಣೆಯ ಮರ ಸರ್ಕಾರದ್ದು ಎಂಬ ಲೆಕ್ಕಾಚಾರ, ಮಾರಾಟದ ಮೇಲಿನ ನಿರ್ಬಂಧ, ಕಂದಾಯ ದಾಖಲೆಯಲ್ಲಿ ಹೆಸರು ಸೇರಿಸುವ ತಕರಾರು ಇವೆಲ್ಲ ಹುಟ್ಟಿದ್ದು ಆ ಹಿಡುವಳಿಯ ಸ್ವರೂಪದಿಂದಲೇ. ಜಮ್ಮ ಹಿಡುವಳಿದಾರನಿಗೆ ಕೋವಿ ಪರವಾನಗಿಯಿಂದ ಇಂದಿಗೂ ವಿನಾಯಿತಿ ಇದೆ; ನೆಲದ ಜೊತೆಗೆ ಸ್ಥಾನಮಾನವೂ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಉದಾಹರಣೆಯನ್ನು ನಾನು ಕಂಡಿಲ್ಲ. ಹಾಗಾಗಿ ಎಸ್ಟೇಟ್ ಎಂಬುದರ ಹಳೆಯ ಅರ್ಥಕ್ಕೆ ಹತ್ತಿರದ ಮಾತನ್ನು ನಮ್ಮ ಜಿಲ್ಲೆಯಲ್ಲಿ ಹುಡುಕುವುದಾದರೆ ಅದು ಜಮ್ಮವೇ ಹೊರತು ತೋಟವಲ್ಲ.

ತೋಟವೆಂಬ ಅರ್ಥ ನಮ್ಮಲ್ಲಿ ನೆಲೆಗೊಂಡದ್ದು ಐರೋಪ್ಯರು ಬಂದ ಮೇಲೆ. ನಾಲ್ಕುನಾಡಿನ ಕಡೆ ಅದಕ್ಕೂ ಮೊದಲೇ ಕಾಫಿ ಗಿಡಗಳಿದ್ದವಾದರೂ ಅವನ್ನು ಯಾರೂ ಎಸ್ಟೇಟ್ ಎಂದಿರಲಾರರು. 1854ರಲ್ಲಿ ಫೌಲರ್ ಎಂಬವರು ಮಡಿಕೇರಿಯಲ್ಲಿ ಐರೋಪ್ಯರ ಮೊದಲ ಕಾಫಿ ತೋಟವನ್ನು ಆರಂಭಿಸಿದರು. ಆಮೇಲೆ ಬಂಗಲೆ, ದೊರೆ, ರೈಟರು, ಮೇಸ್ತ್ರಿ, ಹಾಜರಿಯ ಚೆಕ್ ರೋಲು, ಲೈನ್ ಮನೆ ಇವೆಲ್ಲ ಕೂಡಿದ ಒಂದು ವ್ಯವಸ್ಥೆಯೇ ಆ ಹೆಸರಿನ ಹಿಂದೆ ಬಂತು. ಇಂದಿಗೂ ಆಡುಮಾತಿನಲ್ಲಿ ಈ ಭೇದ ಸೂಕ್ಷ್ಮವಾಗಿ ಉಳಿದಿದೆ. ಸಿದ್ದಾಪುರದಲ್ಲಿ ಬೆಳಿಗ್ಗೆ ಜೀಪು ಹತ್ತುವ ಕಾರ್ಮಿಕ ಮಹಿಳೆಯನ್ನು ಕೇಳಿದರೆ ‘ಎಸ್ಟೇಟ್ ಕೆಲಸ’ ಎನ್ನುತ್ತಾರೆ. ಅದೇ ರಸ್ತೆಯಲ್ಲಿ ಕತ್ತಿ ಹಿಡಿದು ನಡೆದು ಹೋಗುವ ಮೂರು ಎಕರೆಯ ಬೆಳೆಗಾರ ‘ತೋಟಕ್ಕೆ ಹೋಗಿ ಬರ್ತೇನೆ’ ಎನ್ನುತ್ತಾರೆ. ತನ್ನ ಮೂರು ಎಕರೆಯನ್ನು ಅವರು ಎಸ್ಟೇಟ್ ಎಂದು ಕರೆಯುವುದು ಮಗಳ ಮದುವೆಯ ಮಾತುಕತೆಯಲ್ಲಿ ಮಾತ್ರ.

ನಿಮ್ಮ ವರದಿಗಳಲ್ಲಿ ಈ ಭೇದ ಮಾಯವಾಗಿದೆ. ಆನೆ ಎರಡು ಎಕರೆಯ ತೋಟಕ್ಕೆ ನುಗ್ಗಿ ಗಿಡ ಮುರಿದರೂ ‘ಎಸ್ಟೇಟ್ ಮಾಲೀಕರಿಗೆ ನಷ್ಟ’ ಎಂದೇ ಶೀರ್ಷಿಕೆ. ಅದನ್ನು ಓದಿದ ಬೆಂಗಳೂರಿನವರಿಗೆ, ಬಂಗಲೆಯ ಜಗಲಿಯಲ್ಲಿ ಕುಳಿತವರಿಗೆ ಒಂದಿಷ್ಟು ಗಿಡ ಹೋದರೇನಂತೆ ಎನಿಸಿದರೆ ತಪ್ಪು ಅವರದಲ್ಲ. ಕಾಫಿ ಮಂಡಳಿಯ ವಿಂಗಡಣೆಯಂತೆ 10 ಹೆಕ್ಟೇರ್, ಅಂದರೆ ಸುಮಾರು 25 ಎಕರೆಯವರೆಗಿನವರು ಸಣ್ಣ ಬೆಳೆಗಾರರು, ಮತ್ತು ಹಿಡುವಳಿಗಳ ಸಂಖ್ಯೆಯಲ್ಲಿ ಅವರದೇ ಬಹುಪಾಲು. 1942ರ ಕಾಫಿ ಕಾಯ್ದೆಯಲ್ಲಿ ಕಾಫಿ ಗಿಡವಿರುವ, ಒಂದೇ ಘಟಕವಾಗಿ ನಡೆಸುವ ಜಾಗವನ್ನು ಎಸ್ಟೇಟ್ ಎಂದು ಕರೆದಿರುವುದು ನಿಜ, ಮತ್ತು ಆ ಲೆಕ್ಕದಲ್ಲಿ ಚಿಕ್ಕ ತೋಟವೂ ಎಸ್ಟೇಟೇ. ಆದರೆ ಅದು ಆ ಕಾಯ್ದೆಯ ಕೆಲಸಕ್ಕೆ ಮಾಡಿಕೊಂಡ ವ್ಯಾಖ್ಯೆ. ನಮ್ಮ ರಾಜ್ಯದ 1961ರ ಭೂಸುಧಾರಣಾ ಕಾಯ್ದೆ ಭೂಮಿತಿಯಿಂದ ವಿನಾಯಿತಿ ಕೊಡುವಾಗ ಬಳಸುವುದು ಪ್ಲಾಂಟೇಶನ್ ಎಂಬ ಪದವನ್ನು; ಅಲ್ಲಿ ಮುಖ್ಯವಾಗುವುದು ಯಾವ ಬೆಳೆ ಎಂಬುದು. 2025ರಲ್ಲಿ ಹೊಸ ಕಾರ್ಮಿಕ ಸಂಹಿತೆ ಬರುವವರೆಗೆ ಜಾರಿಯಲ್ಲಿದ್ದ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಿಸ್ತೀರ್ಣವನ್ನೂ ಕೆಲಸಗಾರರ ಸಂಖ್ಯೆಯನ್ನೂ ನೋಡುತ್ತಿತ್ತು. ಹೀಗೆ ಕಾನೂನುಗಳೇ ತಮ್ಮ ತಮ್ಮ ಅಗತ್ಯಕ್ಕೆ ತಕ್ಕಂತೆ ಪದವನ್ನು ಅಳೆದು ಬಳಸಿರುವಾಗ, ವರದಿಗಾರರು ಸಣ್ಣವರಿಗೆ ತೋಟ, ಬೆಳೆಗಾರ ಎಂದೂ, ಪಾಲಿಬೆಟ್ಟ ಸುಂಟಿಕೊಪ್ಪಗಳ ಸುತ್ತಿನ ದೊಡ್ಡ ಕಂಪನಿ ತೋಟಗಳಿಗೆ ಎಸ್ಟೇಟ್ ಎಂದೂ ಬರೆದರೆ ಜನರ ಮಾತಿಗೂ ಹೊಂದುತ್ತದೆ, ಸುದ್ದಿಯೂ ನೆಟ್ಟಗಿರುತ್ತದೆ.

ರಿಯಲ್ ಎಸ್ಟೇಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರಲ್ಲಿನ ‘ರಿಯಲ್’ ಎಂಬುದು ನಿಜವಾದದ್ದು ಎಂಬ ಬಳಕೆಯ ಅರ್ಥದ್ದಲ್ಲ. ವಸ್ತು ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದು, ಕದಲಿಸಲಾಗದ ಸ್ವತ್ತನ್ನು ಸೂಚಿಸುವ ಕಾನೂನಿನ ಪರಿಭಾಷೆಯಾಗಿ ನಿಂತದ್ದು. ನಮ್ಮಲ್ಲಿ ಸ್ಥಿರಾಸ್ತಿ ಎಂಬ ಒಳ್ಳೆಯ ಪದವಿದೆ, ನಾವು ಪತ್ರಗಳಲ್ಲಿ ದಿನವೂ ಬರೆಯುತ್ತೇವೆ. ಆದರೆ ಕಾಫಿ ಕಿತ್ತು ಲೇಔಟ್ ಮಾಡುವ ವ್ಯವಹಾರಕ್ಕೆ ಜನ ರಿಯಲ್ ಎಸ್ಟೇಟ್ ಎಂದೇ ಹೇಳುತ್ತಾರೆ, ಅದನ್ನು ಹಾಗೆಯೇ ಬಿಡುವುದು ಮೇಲು. ಸ್ಥಿರಾಸ್ತಿ ಎಂದರೆ ಅಜ್ಜನ ಗದ್ದೆಯೂ ಅದರಲ್ಲಿ ಸೇರಿಹೋಗುತ್ತದೆ. ಪೀಣ್ಯದಂಥ ಕಡೆಯ ಇಂಡಸ್ಟ್ರಿಯಲ್ ಎಸ್ಟೇಟಿಗೆ ಕೈಗಾರಿಕಾ ವಸಾಹತು ಎಂಬ ಮಾತು ಮೊದಲೇ ಚಾಲ್ತಿಯಲ್ಲಿದೆ. ಲಂಡನ್ನಿನ ಹೌಸಿಂಗ್ ಎಸ್ಟೇಟಿನಲ್ಲಿ ಬೆಂಕಿ ಬಿತ್ತು ಎಂಬ ಸುದ್ದಿಯನ್ನು ಮಾತ್ರ ‘ಐಷಾರಾಮಿ ಎಸ್ಟೇಟ್’ ಮಾಡಬೇಡಿ. ಅಲ್ಲಿ ಆ ಹೆಸರಿನಡಿ ಇರುವುದು ಬಹುಮಟ್ಟಿಗೆ ಸ್ಥಳೀಯ ಆಡಳಿತ ಕಟ್ಟಿಸಿದ, ಸಾಧಾರಣ ಆದಾಯದವರ ಬಾಡಿಗೆ ಮನೆಗಳು. 1953ರ ಕಾಯ್ದೆಯಿಂದ ಬಂದು 1985ರಲ್ಲಿ ರದ್ದಾದ ಎಸ್ಟೇಟ್ ಡ್ಯೂಟಿಯೂ ತೋಟದ ತೆರಿಗೆಯಾಗಿರಲಿಲ್ಲ, ಸತ್ತವರ ಆಸ್ತಿಯ ಮೇಲಿನ ಸುಂಕವಾಗಿತ್ತು.

ಕೊನೆಯದಾಗಿ ನಿಮ್ಮ ಮನೆಯದೇ ಆದ ಒಂದು ಎಸ್ಟೇಟ್. ಪತ್ರಿಕೆಗಳನ್ನು ಇಂಗ್ಲಿಷಿನಲ್ಲಿ ನಾಲ್ಕನೆಯ ಎಸ್ಟೇಟ್ ಎನ್ನುತ್ತಾರೆ. ಹಳೆಯ ಫ್ರಾನ್ಸಿನಲ್ಲಿ ಪಾದ್ರಿಗಳು, ಶ್ರೀಮಂತ ಕುಲೀನರು, ಸಾಮಾನ್ಯ ಪ್ರಜೆಗಳು ಎಂಬ ಮೂರು ವರ್ಗಗಳಿಗೆ ಎಸ್ಟೇಟುಗಳೆಂದು ಹೆಸರು. 1789ರಲ್ಲಿ ಅವರ ಪ್ರತಿನಿಧಿಗಳ ಸಭೆ ವರ್ಸೈಲ್ಸ್‌ನಲ್ಲಿ ಸೇರಿದ ಮೇಲೆಯೇ ಕ್ರಾಂತಿ ಶುರುವಾದದ್ದು. ಆ ಲೆಕ್ಕದಲ್ಲಿ ನಾಲ್ಕನೆಯದು ಪತ್ರಿಕಾ ವರ್ಗ. ಕನ್ನಡದಲ್ಲಿ ನಾವು ನಾಲ್ಕನೆಯ ಸ್ತಂಭ ಎಂದು ಬರೆದು, ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳನ್ನು ಉಳಿದ ಮೂರೆಂದು ಎಣಿಸುತ್ತೇವೆ. ಮೂಲಕ್ಕೆ ಅದು ನಿಷ್ಠವಲ್ಲದಿದ್ದರೂ ಬಳಕೆಗೆ ಬಂದಿದೆ, ಅರ್ಥವೂ ಕೆಟ್ಟಿಲ್ಲ, ಆದ್ದರಿಂದ ಬದಲಿಸಬೇಕೆಂದು ನಾನು ಹೇಳುವುದಿಲ್ಲ. ನಾಲ್ಕನೆಯ ಎಸ್ಟೇಟ್ ಎಂದು ಕೊಡಗಿನಲ್ಲಿ ಅಚ್ಚು ಹಾಕಿದರೆ, ಸಂಪಾದಕರಿಗೆ ಮೊದಲೇ ಮೂರು ತೋಟಗಳಿವೆಯೆಂದು ಜನ ಲೆಕ್ಕ ಹಾಕಿಯಾರು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಪತ್ರ ಬರಹಗಾರ,
ಸೋಮವಾರಪೇಟೆ, ಕೊಡಗು ಜಿಲ್ಲೆ