ಸಾಲ ಸಿಗುವುದು ಬೇರೆ, ಸಾಲ ಹೊರುವುದು ಬೇರೆ

ಸಂಪಾದಕರಿಗೆ,

ಮಾನ್ಯರೇ,

‘ಕಟ್ಟುತ್ತಿರುವ ಬಾಡಿಗೆಯಲ್ಲೇ ಸ್ವಂತ ಮನೆ’ ಎಂಬ ಅರ್ಥದ ಮಾತು ಮನೆ ಮಾರಾಟದ ಜಾಹೀರಾತುಗಳಲ್ಲಿ ಸಾಮಾನ್ಯವಾಗಿಬಿಟ್ಟಿದೆ. ತಿಂಗಳ ಕಂತನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ, ಅದನ್ನು ಎಷ್ಟು ವರ್ಷ ಕಟ್ಟಬೇಕು, ಯಾವ ಬಡ್ಡಿದರದ ಲೆಕ್ಕ ಅದು ಎಂಬುದನ್ನು ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅಡಗಿಸಿಡುವುದು ಮಾರುವವರ ರೂಢಿ. ನಾನು ಬಹಳ ವರ್ಷ ಬ್ಯಾಂಕೊಂದರ ಸಾಲದ ವಿಭಾಗದಲ್ಲಿ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ಮಾಡಿ ನಿವೃತ್ತನಾದವನು. ಮೊದಲ ಮನೆಯ ಆಸೆ ಹೊತ್ತು ಬರುತ್ತಿದ್ದ ಯುವ ದಂಪತಿಗಳು ಕುರ್ಚಿ ಎಳೆದು ಕೂರುತ್ತಲೇ ‘ನಮಗೆ ಎಷ್ಟು ಸಾಲ ಸಿಗುತ್ತದೆ ಸಾರ್?’ ಎಂದು ಕೇಳುತ್ತಿದ್ದರು. ‘ನಾವು ಎಷ್ಟು ಸಾಲ ಹೊರಬಲ್ಲೆವು?’ ಎಂದು ಕೇಳಿದವರು ಬೆರಳೆಣಿಕೆಯಷ್ಟು ಮಂದಿ. ಇವೆರಡೂ ಒಂದೇ ಪ್ರಶ್ನೆಯಲ್ಲ ಎಂಬುದನ್ನು ತಿಳಿಸಲೆಂದೇ ಈ ಪತ್ರ.

ಸಾಲ ಕೊಡುವವರು ಅರ್ಜಿದಾರರ ವರಮಾನ, ಈಗಾಗಲೇ ಕಟ್ಟುತ್ತಿರುವ ಬೇರೆ ಕಂತುಗಳು, ವಯಸ್ಸು ಹಾಗೂ ಹಿಂದಿನ ಸಾಲಗಳ ನಡವಳಿಕೆಯನ್ನು ನೋಡಿ ಒಂದು ಮೊತ್ತವನ್ನು ಹೇಳುತ್ತಾರೆ. ಅದಕ್ಕೆ ‘ಅರ್ಹತೆ’ ಎಂದು ಹೆಸರು. ಮನೆಯೇ ಅಡಮಾನವಾಗಿರುವುದರಿಂದ ಅವರ ಹಣಕ್ಕೆ ಭದ್ರತೆಯಿದೆ; ಆ ಲೆಕ್ಕ ಅವರ ಕ್ಷೇಮದ ಲೆಕ್ಕ. ಮುಂದಿನ ವರ್ಷ ಇಬ್ಬರಲ್ಲೊಬ್ಬರು ಮಗುವಿಗಾಗಿ ಕೆಲಸ ಬಿಡುವ ಯೋಚನೆಯಲ್ಲಿದ್ದಾರೆ, ವಯಸ್ಸಾದ ತಂದೆಯ ಔಷಧಿಯ ಖರ್ಚು ವರ್ಷದಿಂದ ವರ್ಷಕ್ಕೆ ಏರುತ್ತಿದೆ ಎಂಬ ಸಂಗತಿಗಳಿಗೆ ಅರ್ಜಿ ನಮೂನೆಯಲ್ಲಿ ಜಾಗವಿರುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಇಲ್ಲಿ ಹಾಸಿಗೆಯ ಅಳತೆ ತೆಗೆಯುತ್ತಿರುವವರು ಸಾಲ ಕೊಡುವವರು ಎಂಬುದು ಮಾತ್ರ ಮರೆತುಹೋಗುತ್ತದೆ.

ಕಂತಿನ ಒಳಗೆ ಏನಿದೆ ಎಂಬುದನ್ನು ಒಮ್ಮೆ ಬಿಡಿಸಿ ನೋಡಬೇಕು. ಸಾಲದ ಮೊತ್ತ 100, ವಾರ್ಷಿಕ ಬಡ್ಡಿ ಶೇ 9, ಅವಧಿ 20 ವರ್ಷ ಎಂದಿಟ್ಟುಕೊಳ್ಳೋಣ. ತಿಂಗಳ ಕಂತು ಸುಮಾರು 0.90 ಆಗುತ್ತದೆ. ಮೊದಲ ತಿಂಗಳು ಅದರಲ್ಲಿ 0.75 ಬಡ್ಡಿಗೇ ಹೋಗುತ್ತದೆ, ಅಂದರೆ ಆರು ಪಾಲಿನಲ್ಲಿ ಐದು ಪಾಲು. 5 ವರ್ಷ ತಪ್ಪದೆ ಕಟ್ಟಿದ ಮೇಲೂ ಅಸಲು ಇನ್ನೂ 89ರ ಆಸುಪಾಸಿನಲ್ಲಿರುತ್ತದೆ. ಅವಧಿಯ ಅರ್ಧ ದಾರಿ ಕಳೆದಾಗಲೂ 71 ಉಳಿದಿರುತ್ತದೆ. ಕೊನೆಗೆ ಕಟ್ಟಿದ್ದೆಲ್ಲವನ್ನೂ ಕೂಡಿದರೆ 216. ಕಂತು ಭಾರವಾಯಿತೆಂದು ಅವಧಿಯನ್ನು 30 ವರ್ಷಕ್ಕೆ ಎಳೆದರೆ ಕಂತಿನಲ್ಲಿ ಶೇ 11ರಷ್ಟೂ ಇಳಿಕೆಯಾಗುವುದಿಲ್ಲ, ಆದರೆ ತೆರುವ ಬಡ್ಡಿ 116ರಿಂದ ಸುಮಾರು 190ಕ್ಕೆ ಏರುತ್ತದೆ. ಬಾಡಿಗೆ ಕಟ್ಟುವುದು ಹಣ ಪೋಲು ಮಾಡಿದಂತೆ ಎನ್ನುವವರು ಮೊದಲ ವರ್ಷಗಳ ಕಂತಿನ ಈ ಐದು ಪಾಲನ್ನು ಯಾವ ಲೆಕ್ಕಕ್ಕೆ ಬರೆಯುತ್ತಾರೋ ತಿಳಿಯದು.

ಇದೆಲ್ಲ ಬಡ್ಡಿದರ ಅಲುಗಾಡದೆ ನಿಂತರೆ ಮಾತ್ರ. ಸಾಲ ಬದಲಾಗುವ ದರದ್ದಾಗಿದ್ದರೆ, ಶೇ 9ರ ದರ ಆರಂಭದಲ್ಲೇ ಶೇ 10ಕ್ಕೆ ಏರಿ ಕಂತು ಮಾತ್ರ ಮೊದಲಿನಷ್ಟೇ ಉಳಿದಾಗ, 240 ತಿಂಗಳಲ್ಲಿ ತೀರಬೇಕಿದ್ದ ಸಾಲ 314 ತಿಂಗಳಿಗೆ ಹಿಗ್ಗುತ್ತದೆ. ದರ ಶೇ 11 ಮುಟ್ಟಿತೆಂದರೆ ಹಳೆಯ ಕಂತು ಬಡ್ಡಿಗೂ ಸಾಲುವುದಿಲ್ಲ. ಸಾಲ ಕರಗುವ ಬದಲು ಬೆಳೆಯತೊಡಗುತ್ತದೆ, ಕಂತು ಹೆಚ್ಚಿಸದೆ ಬೇರೆ ದಾರಿಯಿರುವುದಿಲ್ಲ. ಆದ್ದರಿಂದ ಇಂದಿನ ದರಕ್ಕಿಂತ ಎರಡು ಅಂಶ ಹೆಚ್ಚಿನ ದರದಲ್ಲಿ (ಶೇ 9 ಇದ್ದರೆ ಶೇ 11ರಲ್ಲಿ) ಕಂತು ಎಷ್ಟಾಗುತ್ತದೆಂದು ಕೇಳಿ ತಿಳಿದು, ಅದನ್ನೂ ಕಟ್ಟಬಲ್ಲೆವೆಂಬ ಧೈರ್ಯವಿದ್ದರೆ ಮಾತ್ರ ಸಹಿ ಹಾಕಬೇಕೆಂಬುದು ನನ್ನ ಅಭಿಪ್ರಾಯ.

ಮುಂಗಡದ, ಅಂದರೆ ಮನೆಯ ಬೆಲೆಯಲ್ಲಿ ಸಾಲ ಬಿಟ್ಟು ನಾವೇ ಕೈಯಿಂದ ಹಾಕುವ ಡೌನ್ ಪೇಮೆಂಟಿನ, ವಿಷಯದಲ್ಲಿ ನಾನೇ ಮಾಡಿದ ತಪ್ಪೊಂದಿದೆ. ಸಾಲದ ಕಡತಗಳ ನಡುವೆಯೇ ದಿನ ಕಳೆಯುತ್ತಿದ್ದ ನಾನು, ಸಾಲ ಕಡಿಮೆಯಾದಷ್ಟೂ ಒಳ್ಳೆಯದೆಂದು ನಂಬಿ, ಉಳಿತಾಯ ಖಾತೆ, ಠೇವಣಿ ಎಲ್ಲವನ್ನೂ ಬಳಿದು ಡೌನ್ ಪೇಮೆಂಟಿಗೆ ಸುರಿದೆ. ಗೃಹಪ್ರವೇಶವಾದ ನಾಲ್ಕನೆಯ ತಿಂಗಳು ಹೆಂಡತಿಗೆ ಶಸ್ತ್ರಚಿಕಿತ್ಸೆ ಆಗಬೇಕಾಗಿ ಬಂದಾಗ ಕೈಯಲ್ಲಿ ಕಾಸಿರಲಿಲ್ಲ. ಗೃಹಸಾಲದ ಬಡ್ಡಿ ಉಳಿಸಿದೆನೆಂದು ಬೀಗುತ್ತಿದ್ದವನು ಅದಕ್ಕಿಂತ ಎಷ್ಟೋ ಹೆಚ್ಚಿನ ಬಡ್ಡಿಗೆ ವೈಯಕ್ತಿಕ ಸಾಲ ಎತ್ತಿದೆ. ಗೋಡೆಯ ಇಟ್ಟಿಗೆ ಕಿತ್ತು ಆಸ್ಪತ್ರೆಯ ಬಿಲ್ಲು ಕಟ್ಟಲಾಗುವುದಿಲ್ಲವೆಂಬುದು ನನಗೆ ಅಂದು ಅರ್ಥವಾಯಿತು. ಕಂತೂ ಸೇರಿದಂತೆ ಕನಿಷ್ಠ 6 ತಿಂಗಳ ಮನೆಖರ್ಚಿಗೆ ಆಗುವಷ್ಟು ಹಣ ಕೈಗೆಟಕುವಂತೆ ಪ್ರತ್ಯೇಕವಾಗಿ ಇಲ್ಲದವರು, ಮುಂಗಡ ಪೂರ್ತಿ ಒಟ್ಟಾಗಿದ್ದರೂ ಮನೆ ಕೊಳ್ಳಲು ಸಿದ್ಧರಾಗಿಲ್ಲವೆಂದೇ ನಾನು ಹೇಳುತ್ತೇನೆ. ದುಡಿಯುವವರು ಒಬ್ಬರೇ ಆಗಿದ್ದರೆ 6 ತಿಂಗಳೂ ಕಡಿಮೆಯೇ.

ಮನೆಯ ಬೆಲೆಯೆಂದು ಹೇಳಿದ ಮೊತ್ತದ ಆಚೆಗೂ ಖರ್ಚಿನ ಸಾಲು ನಿಂತಿರುತ್ತದೆ. ನೋಂದಣಿ ಮತ್ತು ತೆರಿಗೆ, ವಕೀಲರಿಂದ ಕಾಗದಪತ್ರ ನೋಡಿಸುವ ಶುಲ್ಕ, ಮೌಲ್ಯಮಾಪನ, ವಿಮೆ, ದಲ್ಲಾಳಿ ಇದ್ದರೆ ಅವರ ಪಾಲು, ಒಳಗಿನ ಮರಗೆಲಸ, ಸಾಮಾನು ಸಾಗಣೆ. ಇವುಗಳಲ್ಲಿ ಬಹುಪಾಲಿಗೆ ಗೃಹಸಾಲ ಸಿಗುವುದಿಲ್ಲ, ಸ್ವಂತ ಹಣವನ್ನೇ ಹಾಕಬೇಕು. ಇನ್ನೂ ಕಟ್ಟುತ್ತಿರುವ ಮನೆಯನ್ನು ಕೊಂಡರೆ ಅದು ಕೈಗೆ ಬರುವವರೆಗೆ ಬಾಡಿಗೆಯನ್ನೂ ಬಡ್ಡಿಯನ್ನೂ ಜೊತೆಜೊತೆಯಾಗಿ ಕಟ್ಟಬೇಕಾಗುತ್ತದೆ.

ಇಷ್ಟಕ್ಕೂ ತನ್ನ ಶಕ್ತಿ ಎಷ್ಟೆಂದು ಯಾರಾದರೂ ತಿಳಿಯುವುದು ಹೇಗೆ? ನಾನು ಕಂಡ ಮಟ್ಟಿಗೆ ಅದಕ್ಕೊಂದೇ ನಂಬಿಕಸ್ತ ಪರೀಕ್ಷೆಯಿದೆ: ಸಾಲ ತೆಗೆಯುವ ಮೊದಲೇ ಕಂತು ಕಟ್ಟಲು ಆರಂಭಿಸುವುದು. ಮುಂದೆ ಬರಬಹುದಾದ ಕಂತಿನಿಂದ ಈಗಿನ ಬಾಡಿಗೆಯನ್ನು ಕಳೆದು, ಉಳಿಯುವ ಮೊತ್ತವನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಿ, ಒಂದು ವರ್ಷ ಅದನ್ನು ಮುಟ್ಟದೆ ಬದುಕಿ ನೋಡಬೇಕು. ಹಬ್ಬ, ಮದುವೆ, ಶಾಲೆಯ ಶುಲ್ಕ, ಜ್ವರ, ಕೆಟ್ಟುನಿಂತ ವಾಹನ ಎಲ್ಲವೂ ಆ ವರ್ಷದಲ್ಲಿ ಬಂದು ಹೋಗುತ್ತವೆ. ಹನ್ನೆರಡರಲ್ಲಿ ಹನ್ನೆರಡು ತಿಂಗಳೂ ಹಣ ಹಾಕಲು ಸಾಧ್ಯವಾದರೆ ಕೂಡಿದ್ದು ಮುಂಗಡಕ್ಕೆ ಸೇರುತ್ತದೆ. ಐದು ತಿಂಗಳು ತಪ್ಪಿದರೆ, ತಪ್ಪಿದ್ದಕ್ಕೆ ದಂಡವಿಲ್ಲದ ಕಾಲದಲ್ಲೇ ತಿಳಿಯಿತಲ್ಲ ಎಂದು ಸಮಾಧಾನಪಟ್ಟು, ಇನ್ನೂ ಸಣ್ಣ ಮನೆಯನ್ನು ಹುಡುಕಬಹುದು ಅಥವಾ ಎರಡು ವರ್ಷ ಕಾಯಬಹುದು. ಈ ಹಣವನ್ನು ಬೇಗ ದುಪ್ಪಟ್ಟಾಗಲೆಂದು ಷೇರುಪೇಟೆಗೆ ಹಾಕುವುದನ್ನು ನಾನಂತೂ ಒಪ್ಪುವುದಿಲ್ಲ. ಎರಡು ಮೂರು ವರ್ಷದಲ್ಲಿ ಬೇಕಾಗುವ ಹಣಕ್ಕೆ, ಪೇಟೆ ಬಿದ್ದಾಗ ಮತ್ತೆ ಏಳುವವರೆಗೆ ಕಾಯುವ ವ್ಯವಧಾನವಿರುವುದಿಲ್ಲ.

ಅದೇ ಒಂದು ವರ್ಷದಲ್ಲಿ ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಪೂರ್ತಿ ತೀರಿಸಿ, ತಮ್ಮ ಸಾಲದ ವರದಿಯನ್ನು (ಹಿಂದಿನ, ಈಗಿನ ಸಾಲಗಳ ದಾಖಲೆಯಾದ ಕ್ರೆಡಿಟ್ ರಿಪೋರ್ಟ್) ತರಿಸಿ ಓದುವುದೂ ಆಗಬೇಕು. ಎಂದೋ ಮುಗಿದ ಸಾಲ ವರದಿಯಲ್ಲಿ ಬಾಕಿ ಎಂದೇ ಉಳಿದುಕೊಂಡ ಪ್ರಕರಣಗಳನ್ನು ನಾನು ನೋಡಿದ್ದೇನೆ. ಅದನ್ನು ತಿದ್ದಿಸಲು ಸಮಯ ಹಿಡಿಯುತ್ತದೆ. ಗೆಳೆಯನ ಸಾಲಕ್ಕೆ ಜಾಮೀನು ಹಾಕಿದ್ದನ್ನು ಮರೆತವರೂ ಇದ್ದರು. ಗಂಡ ಹೆಂಡತಿ ಜೊತೆಯಾಗಿ ಸಾಲ ಪಡೆದರೆ ಹೆಚ್ಚಿನ ಮೊತ್ತ ಸಿಗುತ್ತದೆ ನಿಜ, ಆದರೆ ಒಬ್ಬರ ದುಡಿಮೆ ನಿಂತರೂ ಪೂರ್ತಿ ಕಂತಿಗೆ ಇನ್ನೊಬ್ಬರು ಹೊಣೆ. ಸಾಧ್ಯವಿದ್ದಲ್ಲಿ ಒಬ್ಬರ ಸಂಬಳದಲ್ಲಿ ಮನೆ ನಡೆದು ಕಂತೂ ಹೋಗುವಂತಿರಬೇಕು ಎಂದು ನಾನು ಹೇಳಿದಾಗ ಅನೇಕರು ನಕ್ಕಿದ್ದುಂಟು. ಹಾಗೆ ಮಾಡಿದರೆ ಈ ಜನ್ಮದಲ್ಲಿ ಮನೆಯಾಗುವುದಿಲ್ಲ ಎಂಬ ಅವರ ಮಾತಿನಲ್ಲೂ ಹುರುಳಿತ್ತೆಂದು ಒಪ್ಪಿಕೊಳ್ಳುತ್ತೇನೆ.

ತಮ್ಮಲ್ಲಿ ನನ್ನದೊಂದು ಕೋರಿಕೆ. ಮನೆ ಮಾರಾಟದ ಜಾಹೀರಾತುಗಳಲ್ಲಿ ತಿಂಗಳ ಕಂತನ್ನು ಅಚ್ಚು ಮಾಡುವಾಗ ಅವಧಿ, ಬಡ್ಡಿದರ ಹಾಗೂ ಕೊನೆಯವರೆಗೆ ಕಟ್ಟಬೇಕಾದ ಒಟ್ಟು ಮೊತ್ತವೂ ಅದೇ ಗಾತ್ರದ ಅಕ್ಷರಗಳಲ್ಲಿ ಇರಬೇಕೆಂದು ಜಾಹೀರಾತುದಾರರಿಗೆ ತಮ್ಮ ಪತ್ರಿಕೆ ಸೂಚಿಸಬಹುದೇ? ಅದು ಕಷ್ಟವಾದರೆ, ಬೇರೆ ಬೇರೆ ಅವಧಿ ಮತ್ತು ದರಗಳಿಗೆ ಪ್ರತಿ 100ರ ಸಾಲಕ್ಕೆ ಎಷ್ಟು ಕಂತು, ಒಟ್ಟು ಎಷ್ಟು ಬಡ್ಡಿ ಎಂಬ ಸಣ್ಣ ಕೋಷ್ಟಕವೊಂದನ್ನು ಆ ಪುಟದ ಮೂಲೆಯಲ್ಲಿ ಪ್ರಕಟಿಸಬಹುದು. ಲೆಕ್ಕ ಹಾಕಿ ಕೊಡಲು ನಾನು ಸಿದ್ಧನಿದ್ದೇನೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬ್ಯಾಂಕ್ ನೌಕರ