ಅಪ್ಪನ ಆಪರೇಷನ್ ಏಕೆ ಈಗಲೇ ಅಲ್ಲ

ಪ್ರೀತಿಯ ಅಣ್ಣನಿಗೆ,

ನಮಸ್ಕಾರ. ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಕಾಗದವೂ ಅಪ್ಪನ ಸ್ಕ್ಯಾನ್ ವರದಿಗಳೂ ತಲುಪಿದವು. ಗಡ್ಡೆಯಿದೆಯೆಂದು ಗೊತ್ತಾದ ಮೇಲೂ ಕೊಯ್ದು ತೆಗೆಯದೆ ತಿಂಗಳುಗಟ್ಟಲೆ ಕಾಯಿಸುವುದೇಕೆ, ಕೈಮೀರಿದ್ದಕ್ಕೇ ಹೀಗೆ ಹೇಳುತ್ತಿದ್ದಾರೆಯೇ ಎಂದು ಕೇಳಿದ್ದೀಯ. ಖಂಡಿತ ಹಾಗಲ್ಲ ಅಣ್ಣ. ಕ್ಯಾನ್ಸರ್ ಗಡ್ಡೆ ಗುದನಾಳದ, ಅಂದರೆ ದೊಡ್ಡ ಕರುಳಿನ ಕೊನೆಯ ಭಾಗದ, ಗೋಡೆ ದಾಟಿ ಸುತ್ತಲಿನ ಕೊಬ್ಬಿಗೆ ಇಳಿದಿದೆ, ಆದರೆ ದೂರದ ಅಂಗಗಳಿಗೆ ಹರಡಿಲ್ಲ. ಸೊಂಟದ ಮೂಳೆಗಳ ನಡುವಿನ ಆ ಇಕ್ಕಟ್ಟಿನಲ್ಲಿ ಅಂಚಿನಲ್ಲಿ ಚೂರು ಉಳಿದರೂ ಅದು ಅಲ್ಲೇ ಮತ್ತೆ ಬೆಳೆಯಬಹುದಾದ್ದರಿಂದ, ಮೊದಲು ಕುಗ್ಗಿಸಿ ಆಮೇಲೆ ಪೂರ್ತಿಯಾಗಿ ತೆಗೆಯುವುದೇ ಸರಿಯಾದ ಕ್ರಮ. ಇದನ್ನು ತೋರಿಸಿಕೊಟ್ಟವರು ನಾನಿರುವ ಇದೇ ಜರ್ಮನಿಯ ವೈದ್ಯರು ಎಂದು ಹೇಳಲು ನನಗೆ ಹೆಮ್ಮೆ. 2004ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ವಿಕಿರಣ ಮತ್ತು ಕೀಮೋಗಳನ್ನು ಆಪರೇಷನ್‌ಗೆ ಮೊದಲೇ ಕೊಟ್ಟವರಲ್ಲಿ ಐದು ವರ್ಷಗಳೊಳಗೆ ಅದೇ ಜಾಗದಲ್ಲಿ ಕಾಯಿಲೆ ಮರುಕಳಿಸಿದ್ದು ಶೇ. 6ರಷ್ಟು ಮಂದಿಗೆ, ಆಮೇಲೆ ಕೊಟ್ಟವರಲ್ಲಿ ಶೇ. 13. ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ನಿನ್ನಿಂದ ಮುಚ್ಚಿಡುವುದಿಲ್ಲ.

ವಿಕಿರಣವೆಂದರೆ ಕರೆಂಟ್ ಕೊಡುತ್ತಾರೆಂದು ಅಮ್ಮ ಹೆದರುವುದು ಬೇಡ. ಅದು ಎಕ್ಸ್‌ರೇಯಂಥ ಕಿರಣ, ಬೀಳುವಾಗ ನೋವಾಗುವುದಿಲ್ಲ. ನಾನು ಕೆಲಸ ಮಾಡುವ ವಿಭಾಗಕ್ಕೆ ರೋಗಿಗಳು ಮನೆಯಿಂದಲೇ ಟವೆಲ್ ತರುತ್ತಾರೆ. ಅದನ್ನು ಮೇಜಿನ ಮೇಲೆ ಹಾಸಿ, ಚರ್ಮದ ಮೇಲಿನ ಗುರುತುಗಳನ್ನು ಬೆಳಕಿನ ಗೆರೆಗೆ ಹೊಂದಿಸಿ ನಾವು ಹೊರಬರುತ್ತೇವೆ. ಕೆಲವೇ ನಿಮಿಷಗಳ ಕೆಲಸ. ಅದಕ್ಕೆ ಮೊದಲು ನೀರು ಕುಡಿಸುತ್ತೇವೆ, ಏಕೆಂದರೆ ಮೂತ್ರಕೋಶ ತುಂಬಿದ್ದರೆ ಸಣ್ಣ ಕರುಳು ಕಿರಣದ ದಾರಿಯಿಂದ ಮೇಲಕ್ಕೆ ಸರಿಯುತ್ತದೆ. ವಾರಕ್ಕೆ ಐದು ದಿನದಂತೆ ಅಪ್ಪನಿಗೆ ಬರೆದಿರುವುದು 28 ಸಲ, ಒಟ್ಟು 50.4 ಗ್ರೇ (ಗ್ರೇ ಎಂದರೆ ವಿಕಿರಣದ ಅಳತೆ).

ಜೊತೆಗಿರುವ ಕೆಪೆಸಿಟಬೀನ್ ಎಂಬ ಕೀಮೋ ಗುಳಿಗೆ ಗಡ್ಡೆಯನ್ನು ಕಿರಣಕ್ಕೆ ಇನ್ನಷ್ಟು ಮಣಿಯುವಂತೆ ಮಾಡುತ್ತದೆ. ಬೆಳಿಗ್ಗೆ, ಸಂಜೆ ಊಟವಾದ ಅರ್ಧ ಗಂಟೆಯೊಳಗೆ ಕೊಡು. ಮರೆತರೆ ಮುಂದಿನ ಸಲ ಎರಡು ಪಾಲು ಕೊಡಬೇಡ. ಸುಸ್ತು, ಭೇದಿ, ಉರಿಮೂತ್ರ, ಅಂಗೈ ಅಂಗಾಲು ಕೆಂಪಾಗುವುದು ಇರಬಹುದು. ಭೇದಿ ಹೆಚ್ಚಾದರೆ ಅಥವಾ ಜ್ವರ ಬಂದರೆ ಮರುದಿನಕ್ಕೆ ತಳ್ಳದೆ ಆಗಲೇ ಡಾಕ್ಟರಿಗೆ ಫೋನ್ ಮಾಡು.

ಕಿರಣ ಮುಗಿದ ಮೇಲೂ ಕೆಲವು ವಾರ ಬಿಡುತ್ತಾರೆ. ಪೆಟ್ಟು ತಿಂದ ಜೀವಕೋಶಗಳು ಅಂದೇ ಸಾಯುವುದಿಲ್ಲ, ಗಡ್ಡೆ ಆ ವಾರಗಳಲ್ಲೂ ಕರಗುತ್ತಿರುತ್ತದೆ. ಅದು ವ್ಯರ್ಥವಾದ ಕಾಲವಲ್ಲ ಅಣ್ಣ, ಸ್ವಲ್ಪವೂ ಅಲ್ಲ. ಆಪರೇಷನ್ ಹೊತ್ತಿಗೆ ನಾನು ಬಂದೇ ಬರುತ್ತೇನೆ, ಹಣವನ್ನೂ ಕಳಿಸುತ್ತೇನೆ, ಅಪ್ಪ ಗುಣವಾಗುತ್ತಾರೆ, ನೀನು ನಿದ್ದೆಗೆಡಬೇಡ. ಡ್ಯೂಟಿಗೆ ಹೊತ್ತಾಯಿತು. ಅಮ್ಮನಿಗೆ ಇದನ್ನು ಓದಿ ಹೇಳು.

ನಿನ್ನ ತಂಗಿ