ಹಿರಿಯ ರಾಕ್ ಕಲಾವಿದರಿಗೆ ಕೇಳದೇ ಉಳಿದ ಪ್ರಶ್ನೆಗಳು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಸಂಜೆ ಕನ್ನಡ ವಾಹಿನಿಯೊಂದು ಮುಂಬಯಿಯ ಇಬ್ಬರು ಹಿರಿಯ ರಾಕ್ ಸಂಗೀತಗಾರರ ಸಂದರ್ಶನವನ್ನು ನೇರ ಪ್ರಸಾರ ಮಾಡಿತು. ನಿರೂಪಕರು ಬೆಂಗಳೂರಿನ ಸ್ಟುಡಿಯೋದಲ್ಲಿದ್ದರು. ಎಪ್ಪತ್ತರ ಆಸುಪಾಸಿನ ಗಿಟಾರ್ ವಾದಕರೂ ಡ್ರಮ್ಸ್ ವಾದಕರೂ ದಾದರಿನ ಕೊಠಡಿಯೊಂದರಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕುಳಿತಿದ್ದರು. ಅವರಲ್ಲಿ ಒಬ್ಬರು ಮಾಟುಂಗದ ಕನ್ನಡ ಮನೆತನದವರಾದ್ದರಿಂದ ಇಲ್ಲಿನ ಅನೇಕ ಮನೆಗಳಲ್ಲಿ ಆ ಕಾರ್ಯಕ್ರಮವನ್ನು ಕಾದಿದ್ದು ನೋಡಿದೆವು. ಮರುದಿನ ಅದರ ತುಣುಕುಗಳು ‘ತಡವರಿಸಿದ ತಾತಂದಿರು’ ಎಂಬ ತಲೆಬರಹ ಹೊತ್ತು ಎಲ್ಲರ ಮೊಬೈಲುಗಳಲ್ಲಿ ಹರಿದಾಡಿದವು. ಆ ಮುಜುಗರದ ಹೊಣೆಯನ್ನು ಕಲಾವಿದರ ತಲೆಗೆ ಕಟ್ಟುವುದು ಅನ್ಯಾಯವೆಂದು ಹೇಳುವುದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಅತಿಥಿಗಳು ಉಪಗ್ರಹ ಸಂಪರ್ಕದಲ್ಲಿದ್ದಾರೆಂದು ನಿರೂಪಕರೇ ಮೊದಲಿಗೆ ತಿಳಿಸಿದ್ದರು. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹವನ್ನು ಮುಟ್ಟಿ ಕೆಳಗಿಳಿಯಲು ಮಾತಿಗೆ ಕಾಲು ಸೆಕೆಂಡು ಬೇಕು. ಪ್ರಶ್ನೆ ಹೋಗಿ ಉತ್ತರ ಮರಳುವಷ್ಟರಲ್ಲಿ ಅರ್ಧ ಸೆಕೆಂಡು ಕಳೆದಿರುತ್ತದೆ, ನಡುವಿನ ಯಂತ್ರಗಳು ಮಾಡುವ ವಿಳಂಬ ಬೇರೆ. ಅಷ್ಟು ಹೊತ್ತು ಕಾಯುವುದು ಈ ವೃತ್ತಿಯ ಮೊದಲ ಪಾಠ. ನಿರೂಪಕರು ಕಾಯಲಿಲ್ಲ. ಉತ್ತರ ಹೊರಡುವ ಹೊತ್ತಿಗೆ ಎರಡನೆಯ ಪ್ರಶ್ನೆ ಎಸೆದರು, ಕಲಾವಿದರು ಮಾತು ನಿಲ್ಲಿಸಿದರು, ಆ ಮೌನಕ್ಕೆ ಸ್ಟುಡಿಯೋದಲ್ಲಿ ನಗು ಎದ್ದಿತು.

ನನಗೆ ಹೆಚ್ಚು ನೋವಾದದ್ದು ಡ್ರಮ್ಸ್ ವಾದಕರ ವಿಷಯದಲ್ಲಿ. ತಮ್ಮ ಎಡಗಿವಿ ಮಂದವಾಗಿದೆ, ಸ್ವಲ್ಪ ನಿಧಾನವಾಗಿ ಕೇಳಿ ಎಂದು ಅವರು ಆರಂಭದಲ್ಲೇ ವಿನಂತಿಸಿಕೊಂಡಿದ್ದರು. ದಿನಕ್ಕೆ ಎಂಟು ಗಂಟೆಯ ದುಡಿಮೆಗೆ 85 ಡೆಸಿಬೆಲ್ ಸದ್ದನ್ನು ಮಿತಿಯೆಂದು ತಜ್ಞರು ಸೂಚಿಸುತ್ತಾರೆ. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕಿಳಿದು, 100 ಡೆಸಿಬೆಲ್ ತಲುಪುವಾಗ ಕಾಲು ಗಂಟೆಯಷ್ಟೇ ಉಳಿಯುತ್ತದೆ. ರಾಕ್ ವೇದಿಕೆಯ ಸದ್ದು ಸುಲಭವಾಗಿ ಅದನ್ನು ಮೀರುತ್ತದೆ, ಕಛೇರಿಯೋ ಗಂಟೆಗಟ್ಟಲೆ ನಡೆಯುತ್ತದೆ. ಇಂಗ್ಲೆಂಡಿನ ‘ದಿ ಹೂ’ ತಂಡದ ಪೀಟ್ ಟೌನ್‌ಶೆಂಡ್ ತಮ್ಮ ಕಿವಿಗಾದ ಹಾನಿಯ ಬಗ್ಗೆ ಹಲವು ವರ್ಷಗಳಿಂದ ಬಹಿರಂಗವಾಗಿ ಮಾತನಾಡುತ್ತ ಬಂದಿದ್ದಾರೆ. ವೃತ್ತಿಯಿಂದಲೇ ಬಂದ ಈ ಊನವನ್ನು ಕುರಿತು ಗೌರವದಿಂದ ಒಂದು ಪ್ರಶ್ನೆ ಕೇಳಿದ್ದರೆ ಇಂದಿನ ಹುಡುಗರಿಗೆ ಎಷ್ಟೋ ಪ್ರಯೋಜನವಾಗುತ್ತಿತ್ತು. ನಮ್ಮ ನಿರೂಪಕರು ದನಿ ಏರಿಸಿ, ‘ಕೇಳಿಸ್ತಾ ಅಂಕಲ್?’ ಎಂದು ಮತ್ತೆ ಮತ್ತೆ ಕೂಗಿದರು.

ಇನ್ನು ಕೇಳಿದ ಪ್ರಶ್ನೆಗಳು: ಉದ್ದ ಕೂದಲು, ಮಾದಕ ವಸ್ತು, ಇಷ್ಟದ ಸಿನಿಮಾ ಹಾಡು. ಕೊನೆಗೆ, ‘ನೀವು ಮಾಡಿದ್ದೆಲ್ಲ ಪಾಶ್ಚಾತ್ಯರ ನಕಲು ಅಲ್ಲವೇ?’ ಈ ಪ್ರಶ್ನೆ ಕೇಳುವ ಮುನ್ನ ಮುಂಬಯಿಯ ಚರಿತ್ರೆಯ ಒಂದೆರಡು ಪುಟಗಳನ್ನಾದರೂ ತಿರುವಿ ಹಾಕಬೇಕಿತ್ತು. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1968ರ ಜನವರಿಯಲ್ಲಿ ಇದೇ ಊರಿನ ಎಚ್‌ಎಂವಿ ಸ್ಟುಡಿಯೋಗೆ ಬಂದು ಶಿವಕುಮಾರ್ ಶರ್ಮಾ, ಆಶಿಷ್ ಖಾನ್ ಅವರಂಥ ವಾದಕರೊಂದಿಗೆ ಧ್ವನಿಮುದ್ರಣ ಮಾಡಿಕೊಂಡರು. 1972ರಲ್ಲಿ ಇಂಗ್ಲೆಂಡಿನ ಲೆಡ್ ಜೆಪ್ಲಿನ್ ತಂಡದ ಜಿಮ್ಮಿ ಪೇಜ್ ಮತ್ತು ರಾಬರ್ಟ್ ಪ್ಲಾಂಟ್ ಇಲ್ಲಿನ ವಾದ್ಯಗಾರರ ಜೊತೆ ತಮ್ಮ ಹಾಡುಗಳನ್ನು ಹೊಸದಾಗಿ ನುಡಿಸಿ ನೋಡಿದರು. 1984ರಲ್ಲಿ ಈ ನಗರದಲ್ಲಿ ಹುಟ್ಟಿದ ರಾಕ್ ಮೆಷೀನ್ ತಂಡ ಸ್ವಂತ ರಚನೆಗಳಿಂದಲೇ ಹೆಸರು ಮಾಡಿ, 1993ರಲ್ಲಿ ಇಂಡಸ್ ಕ್ರೀಡ್ ಎಂಬ ಹೆಸರಿಟ್ಟುಕೊಂಡಿತು. ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಡೆದಿದೆ.

ಧೋಬಿತಲಾವ್ ಸಮೀಪದ ಕಚೇರಿಯಲ್ಲಿ ದುಡಿಯುತ್ತಿದ್ದ ನಾನು ರಂಗ್‌ಭವನದ ಬಯಲು ವೇದಿಕೆಯಲ್ಲಿ ಇಂಥ ಅನೇಕ ತಂಡಗಳನ್ನು ಕೇಳಿದ್ದೇನೆ. 1986ರಲ್ಲಿ ‘ಇಂಡಿಪೆಂಡೆನ್ಸ್ ರಾಕ್’ ಉತ್ಸವ ಆರಂಭವಾದದ್ದು ಅಲ್ಲಿಯೇ. ಸುತ್ತಮುತ್ತ ಆಸ್ಪತ್ರೆ, ಕಾಲೇಜುಗಳಿರುವುದರಿಂದ ಆ ಜಾಗ ನಿಶ್ಶಬ್ದ ವಲಯಕ್ಕೆ ಸೇರಿ, ಕಛೇರಿಗಳು ನಿಂತುಹೋದವು. ರೋಗಿಗಳ ನೆಮ್ಮದಿ ಮುಖ್ಯವೆಂಬುದನ್ನು ಒಪ್ಪುತ್ತೇನೆ. ಆದರೆ ವೇದಿಕೆ ಕಳೆದುಕೊಂಡ ಕಲಾವಿದರು ಆಮೇಲೆ ಎಲ್ಲಿಗೆ ಹೋದರು? ಆಮದು ಸುಂಕ ಗಗನ ಮುಟ್ಟಿದ್ದ ದಿನಗಳಲ್ಲಿ ಗಿಟಾರಿನ ತಂತಿ ತುಂಡಾದರೆ ಏನು ಮಾಡುತ್ತಿದ್ದರು? ಆಂಪ್ಲಿಫೈಯರ್‌ಗಳನ್ನು ಯಾರಿಂದ ಕಟ್ಟಿಸುತ್ತಿದ್ದರು? ಹಗಲು ಬ್ಯಾಂಕಿನಲ್ಲಿ ಲೆಕ್ಕ ಬರೆದು ರಾತ್ರಿ ತಾಲೀಮು ನಡೆಸುತ್ತಿದ್ದೆವೆಂದು ಗಿಟಾರ್ ವಾದಕರು ಹೇಳತೊಡಗಿದ್ದರು. ಅದು ಮುಗಿಯುವ ಮೊದಲೇ ಜಾಹೀರಾತಿನ ವಿರಾಮ ಬಂತು, ಆಮೇಲೆ ಯಾರೂ ಆ ಮಾತನ್ನು ಎತ್ತಲಿಲ್ಲ.

ಇದೇ ವಾಹಿನಿ ಧಾರವಾಡದ ಗಾಯಕರೊಬ್ಬರನ್ನು ಆಹ್ವಾನಿಸಿದಾಗ ಗುರು ಯಾರು, ಘರಾಣೆ ಯಾವುದು, ರಿಯಾಜ್ ಹೇಗೆ ಎಂದು ವಿನಯದಿಂದ ಕೇಳಿತ್ತು. ಐವತ್ತು ವರ್ಷ ವಾದ್ಯ ಬಿಡದೆ ಬದುಕಿದವರಿಗೂ ಅದೇ ಮರ್ಯಾದೆ ಸಲ್ಲಬೇಕು. ಲಂಡನ್ನಿನಲ್ಲಿ 1976ರ ಡಿಸೆಂಬರ್ 1ರಂದು ಸೆಕ್ಸ್ ಪಿಸ್ಟಲ್ಸ್ ತಂಡದ ಯುವಕರು ನೇರ ಪ್ರಸಾರದಲ್ಲಿ ಕೆಟ್ಟ ಮಾತನಾಡಿದಾಗ, ಅವರನ್ನು ಕೆಣಕಿದ ನಿರೂಪಕ ಬಿಲ್ ಗ್ರಂಡಿಯನ್ನು ಥೇಮ್ಸ್ ಟೆಲಿವಿಷನ್ ಎರಡು ವಾರ ಅಮಾನತಿನಲ್ಲಿಟ್ಟಿತ್ತು. ಇಲ್ಲಿ ಅಂಥ ಶಿಕ್ಷೆಯನ್ನು ನಾನು ಬಯಸುವುದಿಲ್ಲ. ನಿರೂಪಕರು ಇನ್ನೂ ಚಿಕ್ಕವರು, ಅವರ ಕೈಗೆ ನಾಲ್ಕು ಸಾಲಿನ ಟಿಪ್ಪಣಿ ಕೊಟ್ಟು ಕೂರಿಸಿದ ಸಂಪಾದಕೀಯ ವಿಭಾಗದ ಪಾಲೇ ಇದರಲ್ಲಿ ದೊಡ್ಡದು.

ವಾಹಿನಿಯವರು ಆ ತಲೆಬರಹದ ತುಣುಕುಗಳನ್ನು ತೆಗೆದುಹಾಕಿ, ಇಬ್ಬರು ಕಲಾವಿದರ ಕ್ಷಮೆ ಕೋರಿ, ಸಂದರ್ಶನವನ್ನು ಮುಂಬಯಿಯಲ್ಲೇ ಎದುರುಬದುರು ಕುಳಿತು ಮತ್ತೊಮ್ಮೆ ನಡೆಸಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಮಾಟುಂಗದಲ್ಲಿ ಮೈಸೂರು ಅಸೋಸಿಯೇಷನ್ನಿನ ಸಭಾಂಗಣವಿದೆ. ಸಂಗೀತ ಬಲ್ಲ ಒಬ್ಬರು ಪ್ರಶ್ನೆ ಕೇಳಲಿ, ವಾದ್ಯಗಳನ್ನೂ ತರಿಸಲಿ, ಡ್ರಮ್ಸ್ ವಾದಕರ ಬಲಗಡೆಗೆ ಕುರ್ಚಿ ಹಾಕಿಕೊಂಡು ಕೂರಲಿ.

ಇಂತಿ,
ಓರ್ವ ಓದುಗ
ಮಾಟುಂಗ, ಮುಂಬಯಿ